ನಂಜುಂಡಯ್ಯನವರ ಮಣೆ

ಗುರುವಾರ ಬೆಳಗ್ಗೆ ಒಂಬತ್ತೂ ಹತ್ತು. ನಂಜುಂಡಯ್ಯ ತೀರಿಕೊಂಡು ಹದಿನಾರೂವರೆ ಗಂಟೆಯಾಗಿತ್ತು. ಗವಿಪುರದ ಅವರ ಮನೆಯ ಮುಂದೆ ಕೂತು ಚಟ್ಟದ ಬಿದಿರಿಗೆ ಹಗ್ಗ ಬಿಗಿಯುತ್ತಿದ್ದ ಪಕ್ಕದ ಮನೆಯ ಶೀನಣ್ಣ, ಧನುಶ್ರೀಗೆ ದಾರಿ ಬಿಡಲು ಕಾಲು ಮಡಚಿಕೊಂಡರು.

"ಆಸ್ಪತ್ರೆಯವರಾ? ಹೋಗಮ್ಮ, ಒಳಗಿದಾರೆ. ಗಾಡಿಗೆ ಹನ್ನೊಂದಕ್ಕೆ ಹೇಳಿದೀವಿ. ಈ ಮನುಷ್ಯ ಯಾವತ್ತೂ ಲೇಟಾಗಿ ಮನೆ ಬಿಟ್ಟೋರಲ್ಲ."

ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ಧನುಶ್ರೀ ಗುತ್ತಿಗೆಯ ನರ್ಸು. ಅಲ್ಲಿ ಆಪರೇಷನ್ನಿನ ಕತ್ತರಿ, ಇಕ್ಕಳಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಆಟೋಕ್ಲೇವ್ ಯಂತ್ರವನ್ನು ಇಪ್ಪತ್ತಾರು ವರ್ಷ ನೋಡಿಕೊಂಡವರು ನಂಜುಂಡಯ್ಯ. ಹೃದಯಾಘಾತ ಎಂದು ವೈದ್ಯರು ಬರೆದಿದ್ದರು. ಅಲ್ಲ ಎಂದು ಧನುಶ್ರೀಗೆ ಗೊತ್ತಿತ್ತು. ಅವರು ಬಿದ್ದಾಗ ಆ ಕೋಣೆಯಲ್ಲಿ ಇದ್ದವಳು ಅವಳೊಬ್ಬಳೇ. ಹನ್ನೊಂದರ ಗಾಡಿ ಚಾಮರಾಜಪೇಟೆಯ ಚಿತಾಗಾರ ಮುಟ್ಟಿತೆಂದರೆ, ಆಮೇಲೆ ಹೇಳಿಯೂ ಉಪಯೋಗವಿರಲಿಲ್ಲ.

ಅವಳು ನಡುಮನೆಗೆ ಕಾಲಿಡುವ ಮೊದಲೇ ಆಸ್ಪತ್ರೆಯ ಕಚೇರಿ ಸೂಪರಿಂಟೆಂಡೆಂಟ್ ಶ್ರೀಧರ್ ಎದುರಾದರು. ಅವರು ಗಾಂಧಿ ಬಜಾರಿನಿಂದ ತಂದ ದೊಡ್ಡ ಹಾರ ಇನ್ನೂ ಬಾಳೆಲೆಯ ಪೊಟ್ಟಣದಲ್ಲೇ ಇತ್ತು. ಅವಳನ್ನು ಮೆಟ್ಟಿಲ ಕೆಳಗೆ ಕರೆದೊಯ್ದರು. ವಯಸ್ಸು ಐವತ್ತೆಂಟು, ಸಕ್ಕರೆ ಕಾಯಿಲೆ ಬೇರೆ, ಹಾರ್ಟು ಅಂದರೆ ಯಾರೂ ಅನುಮಾನಪಡುವುದಿಲ್ಲ ಎಂದರು. ಕೇಸಾದರೆ ಇಡೀ ಆಸ್ಪತ್ರೆ ಪೊಲೀಸ್ ಸ್ಟೇಷನ್ನಿಗೆ ಅಲೆಯಬೇಕಾಗುತ್ತದೆ ಎಂದರು.

"ಮಿಷಿನ್ ಪುಸ್ತಕದಲ್ಲಿ ಅಳಿಸಿದ ಕೈ ಯಾರದು ಅಂತ ಕೇಳ್ತಾರೆ. ನನ್ನದಲ್ವಲ್ಲಮ್ಮ." ಆಮೇಲೆ ಹೇಳಿದರು: "ಮಾರ್ಚ್‌ಗೆ ನಿನ್ನ ಗುತ್ತಿಗೆ ಮುಗಿಯುತ್ತೆ. ಫೈಲು ನನ್ನ ಟೇಬಲ್ ಮೇಲೇ ಇದೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಅವಳಿಗೆ ಹೆದರಿಕೆಯಾದದ್ದು ಅದಕ್ಕೇ.

*

ಆ ಆಸ್ಪತ್ರೆಯಲ್ಲಿ ಯಂತ್ರಗಳ ದೋಷವನ್ನು ಪುಸ್ತಕದಲ್ಲಿ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ಹಾಗೆಂದು ಯಾರೂ ಆದೇಶ ಹೊರಡಿಸಿರಲಿಲ್ಲ. ಹೊಸಬರು ಮೊದಲ ವಾರದಲ್ಲೇ ಕಲಿತುಕೊಳ್ಳುತ್ತಿದ್ದರು. ತಪಾಸಣೆಯ ಹಿಂದಿನ ದಿನ ಅಳಿಸುವುದು, ತಪಾಸಣೆ ಮುಗಿದ ಮೇಲೆ ಮತ್ತೆ ಬರೆಯುವುದು. ಇದನ್ನು ಯಾರೂ ಸುಳ್ಳು ಎಂದುಕೊಂಡಿರಲಿಲ್ಲ. ಹಬ್ಬಕ್ಕೆ ಮುಂಚೆ ಮನೆ ಗುಡಿಸಿದ ಹಾಗೆ, ಅಷ್ಟೇ.

ಆ ತಿಂಗಳು ನಂಜುಂಡಯ್ಯ ನಾಲ್ಕು ಸಲ ಒಂದೇ ಸಾಲು ಬರೆದಿದ್ದರು: ಮುಟ್ಟಿದರೆ ಜುಮ್ಮೆನ್ನುತ್ತದೆ, ರಿಪೇರಿ ಬೇಕು. ಸೋಮವಾರ ಶ್ರೀಧರ್ ಪುಸ್ತಕವನ್ನೂ ರಬ್ಬರನ್ನೂ ಧನುಶ್ರೀಯ ಮುಂದಿಟ್ಟು ಹೋದರು. ನಂಜುಂಡಯ್ಯ ಪಕ್ಕದಲ್ಲೇ ಹಸಿರು ಬಟ್ಟೆ ಮಡಚುತ್ತಿದ್ದರು.

"ಅಳಿಸು ತಾಯಿ. ಬುಧವಾರ ಮತ್ತೆ ಬರೀತೀನಿ. ಈ ಪುಸ್ತಕದಿಂದ ನನ್ನ ಅಕ್ಷರ ಒಂದು ದುಂಡಗಾಯ್ತು, ಇನ್ನೇನೂ ರಿಪೇರಿ ಆಗ್ಲಿಲ್ಲ."

ಅವರು ನಂಬಿದ್ದು ಮಣೆಯನ್ನು. ಮನೆಯಿಂದ ತಂದ ಊಟದ ಮಣೆ, ನಾಲ್ಕು ಮೂಲೆಗೂ ಹಿತ್ತಾಳೆ ಹೂವು. ಅದನ್ನು ಯಂತ್ರದ ಮುಂದೆ ಹಾಕಿಕೊಂಡು, ಅದರ ಮೇಲೆ ನಿಂತೇ ಬಾಗಿಲು ತೆಗೆಯುತ್ತಿದ್ದರು. ಬೇರೆ ಯಾರಾದರೂ ಯಂತ್ರದ ಹತ್ತಿರ ಹೋದರೆ, ದೊಡ್ಡ ಡಾಕ್ಟರಾದರೂ ಸರಿ, ಮೊದಲು ಮಣೆ ಹತ್ತಿಸುತ್ತಿದ್ದರು. ತಪಾಸಣೆಗೆ ಅದು ಲಕ್ಷಣವಾಗಿ ಕಾಣುವುದಿಲ್ಲವೆಂದು ಶ್ರೀಧರ್ ಸೋಮವಾರ ಸಂಜೆ ಎತ್ತಿಸಿದರು. ಹೊತ್ತೊಯ್ದು ಕಾರಿಡಾರಿನಲ್ಲಿಟ್ಟವಳು ಧನುಶ್ರೀ.

ಮಂಗಳವಾರ ತಪಾಸಣೆಯವರ ಜೊತೆ ಬಂದಿದ್ದ ಎಂಜಿನಿಯರು ಪುಸ್ತಕ ತಿರುವಿ ಹಾಕಿದ. ದೋಷವೇ ಇರಲಿಲ್ಲ. ಯಂತ್ರವನ್ನು ಬಿಚ್ಚದೆ ಸಹಿ ಮಾಡಿದ.

ಬುಧವಾರ ಸಂಜೆ ನಾಲ್ಕೂವರೆ ದಾಟಿತ್ತು. ಸಿಸೇರಿಯನ್ನಿಗೆ ಉಪಕರಣ ಬೇಕೆಂದು ಆಪರೇಷನ್ ಥಿಯೇಟರಿನಿಂದ ಎರಡು ಸಲ ಕರೆ ಬಂತು. "ಬೇಗ ಅಂಕಲ್" ಎಂದಳು ಧನುಶ್ರೀ. ನೆಲ ಆಗಷ್ಟೇ ಒರೆಸಿದ್ದರು, ಒದ್ದೆಯಿತ್ತು. ನಂಜುಂಡಯ್ಯ ಅಭ್ಯಾಸಬಲದಿಂದ ಎಡಗಾಲು ಚಾಚಿ ಮಣೆಗಾಗಿ ತಡಕಿದರು. ಸಿಗಲಿಲ್ಲ. ಬಲಗೈ ಆಗಲೇ ಹಿಡಿಕೆಯ ಮೇಲಿತ್ತು.

*

ಹತ್ತೂ ಇಪ್ಪತ್ತಕ್ಕೆ ಸ್ನಾನ ಮಾಡಿಸಿದ್ದಾಯಿತು. ನಂಜುಂಡಯ್ಯನವರ ಹೆಂಡತಿ ಗಿರಿಜಾಂಬಾ ಧನುಶ್ರೀಯನ್ನು ಅಡುಗೆಮನೆಯ ಬಾಗಿಲಿಗೆ ಕರೆದರು.

"ಅವರ ಅಂಗೈ ನೋಡ್ದೆ. ಮಧ್ಯದಲ್ಲಿ ಕಪ್ಪಗೆ ಸುಟ್ಟಿದೆ. ಎದೆನೋವು ಬಂದೋರಿಗೆ ಅಂಗೈ ಸುಡುತ್ತೇನಮ್ಮ?"

ಧನುಶ್ರೀ ಅವರ ಭುಜದಾಚೆ ನೋಡಿದಳು. ಗಿರಿಜಾಂಬಾರ ಹಿಂದೆ ಗೋಡೆಗೆ ಒರಗಿಸಿದ್ದ ಮಣೆ ಕಾಣುತ್ತಿತ್ತು. ಒಂದೇ ಒಂದು. ಅದರ ಮೂಲೆಗಳಿಗೂ ಹಿತ್ತಾಳೆ ಹೂವು.

"ಮದುವೇಲಿ ಕೊಟ್ಟ ಜೋಡಿ ಅದು. ಒಂದನ್ನ ಅವರು ಆಸ್ಪತ್ರೆಗೆ ತಗೊಂಡು ಹೋದ್ರು. ನಿನ್ನೆ ಅದರ ಮೇಲೆ ನಿಂತಿದ್ರಾ?"

ಶ್ರೀಧರ್ ನಡುಮನೆಯಿಂದಲೇ ಹೊತ್ತಾಯಿತೆಂದರು, ಆ ಹುಡುಗಿಗೂ ನಿದ್ದೆಯಿಲ್ಲ, ಈಗ ಯಾಕೆ ಎಂದರು. ಗಿರಿಜಾಂಬಾ ತಿರುಗಿ ನೋಡಲಿಲ್ಲ.

"ಇಲ್ಲ ಅಮ್ಮ" ಎಂದಳು ಧನುಶ್ರೀ. "ಮಣೆ ಇರಲಿಲ್ಲ. ನಾನೇ ಎತ್ತಿಟ್ಟಿದ್ದೆ. ಮಿಷಿನ್ ಶಾಕ್ ಹೊಡಿಯುತ್ತೆ ಅಂತ ಅವರು ನಾಲ್ಕು ಸಲ ಬರೆದಿದ್ರು. ಅದನ್ನೂ ನಾನೇ ಅಳಿಸಿದೆ."

ಗಿರಿಜಾಂಬಾ ಅಳಲಿಲ್ಲ. ಮೊದಲಿಂದ ಹೇಳು ಎಂದರು. ಧನುಶ್ರೀ ದಿನ, ಗಂಟೆಗಳ ಸಮೇತ ಹೇಳಿದಳು. ಕೇಳಿಸಿಕೊಂಡು ಅವರು ಬೀದಿಬಾಗಿಲಿಗೆ ಬಂದರು.

"ಶೀನಣ್ಣ, ಹಗ್ಗ ಬಿಚ್ಚಿ. ಪೊಲೀಸರನ್ನ ಕರೀರಿ."

ಶೀನಣ್ಣ ಒಮ್ಮೆ ಅವರನ್ನೂ ಒಮ್ಮೆ ಶ್ರೀಧರರನ್ನೂ ನೋಡಿದರು. ಆಮೇಲೆ ಕೂತು ಕೊನೆಯ ಗಂಟಿಗೆ ಕೈ ಹಾಕಿದರು. ಶ್ರೀಧರ್ ಫೋನನ್ನು ಕಿವಿಗಿಟ್ಟುಕೊಂಡು ಬೀದಿಗಿಳಿದರು. ಹಾರ ಬಾಳೆಲೆಯಲ್ಲೇ ಉಳಿಯಿತು.

ಹನ್ನೊಂದಕ್ಕೆ ಬಂದ ಗಾಡಿ ಮುಕ್ಕಾಲು ಗಂಟೆ ಕಾದು, ಪೊಲೀಸ್ ಜೀಪಿನ ಹಿಂದೆ ಶವಾಗಾರದ ಕಡೆ ಹೊರಟಿತು. ಶುಕ್ರವಾರ ಯಂತ್ರಕ್ಕೆ ಮೊಹರು ಬಿತ್ತು. ಮಹಜರಿಗೆ ಬಂದವರು ಕೇಳಿದ ಮೇಲೆ ಮಣೆಯನ್ನು ಹುಡುಕಿದರು. ಅದು ಆಸ್ಪತ್ರೆಯ ಮುಂಬಾಗಿಲಲ್ಲಿ, ತಪಾಸಣೆಗೆಂದು ತರಿಸಿದ್ದ ಕ್ರೋಟನ್ ಗಿಡದ ಕುಂಡದ ಕೆಳಗೆ ಸಿಕ್ಕಿತು.