ಹೊನ್ನೂರಮ್ಮ ಮಾತು ಮುಡಿಪಿಟ್ಟದ್ದು

ಹೊನ್ನೂರಮ್ಮನ ದನಿ ಕೇಳದಿದ್ದರೆ ಸಿರುಗುಪ್ಪದ ಬಸ್‌ ಸ್ಟ್ಯಾಂಡಿನಿಂದ ಬಸ್ಸುಗಳು ಹೊರಡುವುದೇ ಇಲ್ಲ ಎಂದು ಜನ ತಮಾಷೆ ಮಾಡುತ್ತಿದ್ದರು. ಇದು ಎಪ್ಪತ್ತರ ದಶಕದ ಮಾತು. ಸ್ಟ್ಯಾಂಡಿನ ಮೂಲೆಯಲ್ಲಿ ಅವಳದೂ ಗಂಡ ಗಾದಿಲಿಂಗಪ್ಪನದೂ ಮಿರ್ಚಿ ಮಂಡಕ್ಕಿ ಅಂಗಡಿ. ಅಂಗಡಿಯೆಂದರೆ ನಾಲ್ಕು ಗೂಟ, ಮೇಲೆ ತಗಡು, ಒಂದು ಒಲೆ, ಗಿರಾಕಿಗಳು ಕೂರಲು ಒಂದು ಬೆಂಚು. ಗಾದಿಲಿಂಗಪ್ಪ ಒಲೆಯ ಮುಂದೆ ಕೂತು ಮೆಣಸಿನಕಾಯಿಯನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುತ್ತಿದ್ದ. ಉಳಿದದ್ದೆಲ್ಲ ಹೊನ್ನೂರಮ್ಮನ ಬಾಯಿಗೆ ಸೇರಿದ್ದು. ಗಿರಾಕಿಗಳನ್ನು ಕರೆಯುವುದು, ಹಚ್ಚೊಳ್ಳಿಯ ಬಸ್ಸು ಹೊರಟಿತೆಂದು ಕೂಗುವುದು, ಹಳ್ಳಿಯಿಂದ ಬಂದ ಮುದುಕಿಗೆ ಆಸ್ಪತ್ರೆಯ ದಾರಿ ಹೇಳುವುದು, ಸೀಟಿಗೆ ಟವಲು ಹಾಕಿ ಜಗಳಕ್ಕೆ ನಿಂತವರ ನ್ಯಾಯ ಬಗೆಹರಿಸುವುದು.

ಗಾದಿಲಿಂಗಪ್ಪನಿಗೆ ಇದರಿಂದ ದೊಡ್ಡ ಅನುಕೂಲವಾಗಿತ್ತು. ಅವನು ಮೊದಲಿನಿಂದಲೂ ಮಾತು ಕಡಿಮೆಯವನು. ಹಟವೇನಲ್ಲ, ಮಾತು ನಾಲಗೆಯ ತುದಿಗೆ ಬರುವಷ್ಟರಲ್ಲಿ ಅದನ್ನು ಆಡಲೇಬೇಕೆ ಅನ್ನಿಸಿಬಿಡುತ್ತಿತ್ತು. ಮದುವೆಯಾದ ಮೇಲೆ ಆ ಯೋಚನೆಯೂ ತಪ್ಪಿತು. ಅವನು ಹೇಳಬೇಕೆಂದಿದ್ದನ್ನು ಅವಳು ಮೊದಲೇ ಹೇಳಿ ಮುಗಿಸಿರುತ್ತಿದ್ದಳು.

"ದೇವ್ರು ನಿಮಗ ಬಾಯಿ ಯಾಕ ಕೊಟ್ಟಾನೋ ನನಗಂತೂ ತಿಳೀವಲ್ದು. ಉಣ್ಣಾಕ ಒಂದೀಟು ತೂತು ಇಟ್ಟಿದ್ರ ಸಾಕಿತ್ತು," ಎಂದು ಅವಳು ಗಿರಾಕಿಗಳ ಮುಂದೆಯೇ ಅನ್ನುವಳು. ಅವನು ನಕ್ಕು ಮಿರ್ಚಿ ತಿರುವಿ ಹಾಕುವನು.

ಅಂಥ ಹೊನ್ನೂರಮ್ಮ ಒಂದು ಸೋಮವಾರ ಕುರುಗೋಡಿಗೆ ಹೋಗಿ, ಬಸವಣ್ಣನಿಗೆ ಕಾಯಿ ಒಡೆಸಿ ಬಂದವಳು, ಮಾತು ಬಿಟ್ಟಳು.

ಗಂಟಲು ಕಟ್ಟಿದೆಯೇನೋ ಎಂದುಕೊಂಡು ಗಾದಿಲಿಂಗಪ್ಪ ಬಿಸಿನೀರು ಕಾಯಿಸಿ ಕೊಟ್ಟ. ಅವಳು ಲೋಟ ಪಕ್ಕಕ್ಕಿಟ್ಟು, ಕುರುಗೋಡಿನ ದಿಕ್ಕಿಗೆ ಕೈ ಮುಗಿದು, ತುಟಿಯ ಮೇಲೆ ಬೆರಳಿಟ್ಟಳು. ಅವನಿಗೆ ತಿಳಿಯಿತು. ರಾರಾವಿಯ ಅವಳ ತವರಿನಲ್ಲಿ ಹಿಂದಿನಿಂದ ಬಂದ ಒಂದು ಪದ್ಧತಿ ಇತ್ತು, ಮಾತು ಮುಡಿಪಿಡುವುದು. ಬೇರೆಯವರು ಕೂದಲನ್ನೋ ಬೆಳ್ಳಿಯ ಕಣ್ಣನ್ನೋ ಹರಕೆ ಹೊತ್ತರೆ ಆ ಮನೆಯ ಹೆಣ್ಣುಮಕ್ಕಳು ಮಾತನ್ನೇ ದೇವರ ಹತ್ತಿರ ಇಟ್ಟು ಬರುತ್ತಿದ್ದರು. ಬೇಡಿಕೊಂಡದ್ದು ಕೈಗೂಡುವ ತನಕ ಯಾರೊಡನೆಯೂ ಮಾತಿಲ್ಲ. ಏನು ಬೇಡಿಕೊಂಡೆನೆಂದು ಸನ್ನೆಯಲ್ಲೂ ತಿಳಿಸುವಂತಿಲ್ಲ. ಕೈಗೂಡಿದ ಮೇಲೆ ಮೊದಲ ಮಾತು ಅದೇ ದೇವರ ಮುಂದೆಯೇ ಆಗಬೇಕು.

ಮಾರನೆಯ ದಿನ ಬಸ್‌ ಸ್ಟ್ಯಾಂಡಿಗೆಲ್ಲ ಸುದ್ದಿಯಾಯಿತು. ಪಕ್ಕದ ಚಹಾ ಅಂಗಡಿಯ ಖಾಜಾಮಿಯಾ ಗ್ಲಾಸು ತೊಳೆಯುತ್ತ ಕೇಳಿದ, "ಏನ್‌ ಬೇಡ್ಕೊಂಡಿದ್ದಾಳು ಭಾಬಿ? ಬಳ್ಳಾರಿ ಮಗಳಿಗೇನಾರ ಆಗೈತೇನು?"

ಗಾದಿಲಿಂಗಪ್ಪ ಇಲ್ಲವೆಂದು ತಲೆಯಾಡಿಸಿದ. ಬಳ್ಳಾರಿಗೆ ಕೊಟ್ಟ ಮಗಳು ಸುಖವಾಗಿಯೇ ಇದ್ದಳು.

"ಬಸ್ಸು ಟೈಮಿಗೆ ಸರಿಯಾಗಿ ಬರ್ಲಿ ಅಂತ ಬೇಡ್ಕೊಂಡಾಳ," ಅಂದ ಬೆಂಚಿನ ಮೇಲೆ ಕೂತಿದ್ದ ಒಬ್ಬ ಕಂಡಕ್ಟರ್.

"ಹಂಗಾದ್ರ ಈ ಜನ್ಮದಾಗ ಆಕಿ ಮಾತಾಡಂಗಿಲ್ಲ ಬಿಡಪ!" ಎಂದು ಖಾಜಾಮಿಯಾ ನಕ್ಕ. ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಹೊನ್ನೂರಮ್ಮನೂ ನಕ್ಕಳು, ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ದನಿಯಿಲ್ಲದೆ.

ಗಾದಿಲಿಂಗಪ್ಪನಿಗೆ ಮಾತ್ರ ನಗು ಬರಲಿಲ್ಲ. ಮೌನವೆಂದರೆ ತನಗೆ ತಿಳಿಯದ್ದೇನಲ್ಲ ಎಂದು ಅವನು ಅಂದುಕೊಂಡಿದ್ದ. ಆದರೆ ಇದು ಬೇರೆಯೇ ಆಗಿತ್ತು. ತನ್ನ ಮೌನ ಗಿಡದ ನೆರಳಿನಂಥದು. ಬಂದವರು ಕೂರಬಹುದು, ಏಳಬಹುದು. ಅವಳದು ಒಳಗಿನಿಂದ ಅಗಳಿ ಹಾಕಿದ ಬಾಗಿಲು. ಉಣ್ಣುವಾಗ ಎದುರಿಗೆ ಕೂತ ಅವಳ ಕಣ್ಣು ಎಲ್ಲೋ ಇರುತ್ತಿತ್ತು. ಮನೆಯಲ್ಲಿ ಹಲ್ಲಿ ಲೊಚಗುಟ್ಟಿದರೂ ಅವನು ಬೆಚ್ಚಿಬೀಳುವಂತಾಯಿತು. ಇಷ್ಟು ವರ್ಷ ತಾನು ಸುಮ್ಮನಿರಲು ಸಾಧ್ಯವಾದದ್ದು ಅವಳು ಮಾತಾಡುತ್ತಿದ್ದುದರಿಂದಲೇ ಎಂದು ಅವನಿಗೆ ಹೊಳೆಯಿತು.

ಅದರ ಹಿಂದೆಯೇ ಇನ್ನೊಂದು ಹೊಳೆಯಿತು. ಬಾಯಿ ಇದ್ದೂ ಆಡದವನು ತಾನು. ತನಗೆ ಮಾತು ಬರಲೆಂದೇ ಅವಳು ತನ್ನ ಮಾತನ್ನು ಬಸವಣ್ಣನ ಹತ್ತಿರ ಇಟ್ಟು ಬಂದಿರಬೇಕು! ಮತ್ತೇನಿದ್ದೀತು?

ಹೀಗೆ ಗಾದಿಲಿಂಗಪ್ಪ ಮಾತಾಡಲು ಶುರುಮಾಡಿದ. ಒಲೆ ಬಿಟ್ಟು ಎದ್ದು ನಿಂತು, ಕೆಮ್ಮಿ, "ಬರ್ರಿ... ಮಿರ್ಚಿ... ಐತಿ," ಅಂದ. ಬೀಗರ ಮನೆಗೆ ಬಂದು ನೀರು ಕೇಳುವವನ ದನಿಯಲ್ಲಿ. ಯಾರೂ ತಿರುಗಿ ನೋಡಲಿಲ್ಲ. ಮರುದಿನ ಇನ್ನಷ್ಟು ಧೈರ್ಯ ಬಂತು. ಬಸ್ಸೊಂದು ಹೊರಡುತ್ತಿದ್ದುದನ್ನು ಕಂಡು, "ಹಚ್ಚೊಳ್ಳಿ! ಹಚ್ಚೊಳ್ಳಿ!" ಎಂದು ಗಂಟಲು ಹರಿಯುವಂತೆ ಕೂಗಿದ. ಅದು ಬಳ್ಳಾರಿಯ ಬಸ್ಸು. ಹಚ್ಚೊಳ್ಳಿಯ ರಾಮಪ್ಪನೆಂಬ ಹಿರಿಯರು ಅವಸರದಲ್ಲಿ ಅದನ್ನೇ ಹತ್ತಿ, ಊರ ಹೊರಗೆ ಇಳಿದು, ಬಿಸಿಲಲ್ಲಿ ನಡೆದುಕೊಂಡು ವಾಪಸು ಬಂದರು.

"ಏನಲೇ ಮಾರಾಯಾ, ನೀ ಸುಮ್ನ ಕುಂತಿದ್ದಾಗ ಊರು ನೆಟ್ಟಗಿತ್ತು!" ಅಂದರು.

ಹೊನ್ನೂರಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಒಂದು ಮಾತೂ ಹೊರಬೀಳಲಿಲ್ಲ.

ಆದರೂ ಅವನು ಬಿಡಲಿಲ್ಲ. ಬಂದವರನ್ನೆಲ್ಲ ಏನಾದರೂ ಕೇಳಲೇಬೇಕೆಂದು ಪಣ ತೊಟ್ಟ. ಹಾಗೆಯೇ ಒಂದು ಸಂಜೆ, ಅವಳು ನೀರಿಗೆ ಹೋಗಿದ್ದಾಗ, ಅಕ್ಕಿ ಗಿರಣಿಯ ಹಮಾಲಿ ಸುಂಕಣ್ಣ ಬಂದು ಕೂತ. ಕೇಳಲು ಏನೂ ತೋಚದೆ ಗಾದಿಲಿಂಗಪ್ಪ, "ಆ ಸರ್ವರಬಿ ಈಗೀಗ ಈ ಕಡಿ ಕಾಣವಲ್ಲಳಲ್ಲ?" ಅಂದ.

ಸರ್ವರಬಿ ಗಿರಣಿಯ ಕಣದಲ್ಲಿ ಬೇಯಿಸಿದ ಭತ್ತ ಹರವಿ ಒಣಗಿಸುವ ಕೆಲಸದವಳು. ಚಿಕ್ಕ ವಯಸ್ಸಿಗೇ ಗಂಡ ತೀರಿಹೋಗಿದ್ದ. ಕೆಲಸ ಮುಗಿಸಿ ಮನೆಗೆ ಹೋಗುವಾಗ ದಿನವೂ ಕಂಕುಳ ಕೂಸಿನೊಂದಿಗೆ ಅಂಗಡಿಗೆ ಬರುತ್ತಿದ್ದಳು. ಹೊನ್ನೂರಮ್ಮ ಕೂಸಿನ ಎರಡೂ ಕೈಗೆ ಮಂಡಕ್ಕಿ ತುಂಬಿ ಕಳಿಸುತ್ತಿದ್ದಳು.

ಸುಂಕಣ್ಣ ಮಿರ್ಚಿ ಕಚ್ಚುವುದನ್ನು ನಿಲ್ಲಿಸಿದ. "ಗಿರಣಿಗೆಲ್ಲಾ ಗೊತ್ತೈತಿ, ನಿನಗ ಗೊತ್ತಿಲ್ಲೇನು?"

"ಯಾರೂ ಹೇಳಿಲ್ಲ."

"ನೀ ಯಾರನ್ನಾರ ಕೇಳಿದ್ರಲ್ಲ ಹೇಳಾದು! ಆಕಿ ಕೂಸು ಅಂಬೆಗಾಲಿಡಕೋತ ಭತ್ತ ಕುದಿಸೋ ಹಂಡೆ ಹತ್ರ ಹೋಗಿತ್ತಪ. ಸಾವ್ಕಾರ್ರು ನೋಡಿ ಹೌಹಾರಿದ್ರು. ಕೂಸು ಬಿಟ್ಟು ಬರಂಗಿದ್ರ ಬಾ, ಇಲ್ಲಂದ್ರ ಬ್ಯಾಡ ಅಂದ್ರು. ಆಕಿಗಿ ಅತ್ತಿ ಇಲ್ಲ, ತಾಯಿ ಇಲ್ಲ, ಯಾರ ಹತ್ರ ಬಿಡ್ತಾಳ? ಸಿಟ್ಟು ಇಳದ ಮ್ಯಾಲ ಅವರ ಕರಸ್ತಿದ್ರೋ ಏನೋ. ಅಷ್ಟರಾಗ ನಿಮ್ಮಾಕಿ ಬಂದ್ಲು."

"ಬಂದು?"

"ಬಂದು ಏನು! ಹಮಾಲರೆಲ್ಲರ ಮುಂದ ಸಾವ್ಕಾರ್ರ ನೀರಿಳಿಸಿದ್ಲು. 'ಹೆಣ್ಮಕ್ಕಳ ಬೆವರು ಕುಡುದು ಹೊಟ್ಟಿ ಬೆಳಿಸೀರಿ' ಅಂದ್ಲು. ನಿನಗ ಗೊತ್ತಲ್ಲ, ಹೊಟ್ಟಿ ಸುದ್ದಿ ತಗದ್ರ ಅವರಿಗಿ ಆಗಂಗಿಲ್ಲ. 'ಇನ್ನ ಆ ಹುಡುಗಿ ನನ್ನ ಗೇಟು ದಾಟಂಗಿಲ್ಲ' ಅಂದುಬಿಟ್ರು. ಪಾಪ, ಸರ್ವರಬಿ ಈ ವಾರ ಬಳ್ಳಾರಿಗಿ ಹೊಂಟಾಳ, ಯಾರದೋ ಮನಿಗೆಲಸಕ್ಕ. ಕೂಸಿನ್ನ ಹಚ್ಚೊಳ್ಳಿ ಅಕ್ಕನ ಹತ್ರ ಬಿಡ್ತಾಳಂತ. ಇನ್ನಾ ಮೊಲಿ ಬಿಡದ ಕೂಸು... ಏ, ಮಿರ್ಚಿ ಹೊತ್ತಾಕತ್ಯಾವ ನೋಡಪ!"

ಬಾಣಲೆಯಲ್ಲಿ ಮಿರ್ಚಿ ಇದ್ದಿಲಾಗಿದ್ದವು. ಗಾದಿಲಿಂಗಪ್ಪ ಅವನ್ನು ತೆಗೆಯದೆ ನೋಡುತ್ತ ಕೂತ. ಒಳ್ಳೆಯದನ್ನು ಮಾಡಹೋದ ಬಾಯಿ ಇದ್ದ ಆಸರೆಯನ್ನೂ ಕೆಡಿಸಿತ್ತು. ಅದಕ್ಕೇ ಆ ಬಾಯಿಯನ್ನೇ ತೆಗೆದುಕೊಂಡು ಹೋಗಿ ಬಸವಣ್ಣನ ಮುಂದೆ ಇಟ್ಟು ಬಂದಿದ್ದಾಳೆ. ತನ್ನ ಬಗ್ಗೆ ಬೇಡಿಕೊಂಡಿದ್ದಾಳೆಂದು ತಾನು ಬಸ್ಸುಗಳ ಹೆಸರು ಕೂಗುತ್ತ ನಿಂತದ್ದು ನೆನೆದು ಅವನಿಗೆ ನಾಚಿಕೆಯಾಯಿತು. ಅವಳು ನೀರು ತಂದು ಕೊಡ ಇಳಿಸಿದಾಗ ಅವನು ಸುಟ್ಟ ಮಿರ್ಚಿಗಳನ್ನು ಎತ್ತಿ ಹೊರಗೆ ಎಸೆಯುತ್ತಿದ್ದ.

ಮರುದಿನ ಬೆಳಿಗ್ಗೆ ಒಲೆಯನ್ನು ಅವಳಿಗೆ ಬಿಟ್ಟು ಗಾದಿಲಿಂಗಪ್ಪ ಗಿರಣಿಯ ದಾರಿ ಹಿಡಿದ. ಕಾಲುವೆಯ ಏರಿಯ ಮೇಲೆ ನಡೆಯುತ್ತ, ಆಡಬೇಕಾದ ಮಾತುಗಳನ್ನು ಜೋಡಿಸಿದ. ಕೂಸು ದೇವರ ಸಮಾನ ಎಂದು ಶುರುಮಾಡುವುದು, ನಡುವೆ ಧರ್ಮ ಕರ್ಮದ ಮಾತು ತರುವುದು, ಕೊನೆಯಲ್ಲಿ ಕೈ ಮುಗಿಯುವುದು. ನೀರಲ್ಲಿ ಮಲಗಿದ್ದ ಎಮ್ಮೆಯೊಂದರ ಮುಂದೆ ನಿಂತು ಅಷ್ಟನ್ನೂ ಒಮ್ಮೆ ಆಡಿ ನೋಡಿದ. ಎಮ್ಮೆ ಕಿವಿ ಅಲ್ಲಾಡಿಸಿತು. ಪರವಾಗಿಲ್ಲ ಅನ್ನಿಸಿತು.

ಗಿರಣಿಯ ಮಾಲೀಕ ದೊಡ್ಡಬಸಪ್ಪ ಹಣೆ ತುಂಬ ವಿಭೂತಿ ಹಚ್ಚಿ ಗಾದಿಯ ಮೇಲೆ ಕೂತಿದ್ದರು. ಹೊಟ್ಟೆ ಮಡಿಲಲ್ಲಿ ಕೂತಿತ್ತು.

"ಬಾ ಗಾದಿಲಿಂಗಪ್ಪ, ಕೂಡು. ಏನು ಬಂದಿ?"

ಗಾದಿಲಿಂಗಪ್ಪ ಕೂತು ಬಾಯಿ ತೆರೆದ. ಎಮ್ಮೆಗೆ ಹೇಳಿದ್ದರಲ್ಲಿ ಒಂದಕ್ಷರವೂ ನೆನಪಾಗಲಿಲ್ಲ. ಬಾಯಿ ಮುಚ್ಚಿ, ಮೊಣಕಾಲ ಮೇಲೆ ಕೈಯಿಟ್ಟು, ಅವರ ಮುಖ ನೋಡಿದ.

"ಹೆಂಡ್ತಿ ಪರವಾಗಿ ಮಾಫಿ ಕೇಳಾಕ ಬಂದೀಯೇನು?"

ಗಾದಿಲಿಂಗಪ್ಪ ನೋಡುತ್ತಲೇ ಇದ್ದ.

"ಮಾಫಿ ಕೇಳಾಕಲ್ಲ. ಹಂಗಾದ್ರ ಜಗಳಕ್ಕ ಬಂದಿ?" ದೊಡ್ಡಬಸಪ್ಪ ಸ್ವಲ್ಪ ಕಾದರು. "ನೀ ಎಲ್ಲಿ ಜಗಳಾಡ್ತಿ ಬಿಡು."

ಒಳಗೆ ಯಂತ್ರ ಗುಡುಗುಡು ಎನ್ನುತ್ತಿತ್ತು. ದೊಡ್ಡಬಸಪ್ಪ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಸರಿದು ಕೂತರು. "ನನ್ನದೇನು ತಪ್ಪೈತಿ ನೀನ ಹೇಳು. ಆ ಕೂಸು ಹಂಡೇದಾಗ ಬಿದ್ದಿದ್ರ? ನನಗೂ ಮಕ್ಕಳು ಮರಿ ಅದಾವ. ಏನು, ಕೂಸಿನ್ನ ಎಲ್ಲಿ ಬಿಡಬೇಕಿತ್ತು ಅಂತೀಯಾ? ಅದೂ ಖರೇನ. ಆಕಿಗಿ ಯಾರದಾರ? ಆದ್ರ ನಾಕು ಮಂದಿ ಮುಂದ ಹೊಟ್ಟಿ ಮಾತು ತಗದ್ರ ಸಿಟ್ಟು ಬರಂಗಿಲ್ಲೇನು? ಸಿಟ್ಟಿಗಿ ಅಂದೆ. ಸಿಟ್ಟಿಗಿ ಅಂದದ್ದನ್ನ ಹಿಂದಕ ತಗಣಾದು ಹೆಂಗ, ನಾನೂ ಗಂಡಸು... ಹಂಗ ನೋಡಬ್ಯಾಡಪ ನನ್ನ! ಏನಾರ ಅನ್ನು!"

"ಆಕಿ ಮಾತು ಬಿಟ್ಟಾಳ್ರಿ," ಅಂದ ಗಾದಿಲಿಂಗಪ್ಪ.

"ಯಾರು?"

"ನಮ್ಮಾಕಿ. ನಿಮಗ ಬೈದು ಬಂದ ಮ್ಯಾಲ ಕುರುಗೋಡಿಗಿ ಹೋಗಿ ಬಸವಣ್ಣನ ಹತ್ರ ಮಾತು ಇಟ್ಟು ಬಂದಾಳ."

ದೊಡ್ಡಬಸಪ್ಪ ನೆಟ್ಟಗೆ ಕೂತರು. ಕುರುಗೋಡಿನ ದೊಡ್ಡ ಬಸವಣ್ಣನಿಗೆ ಹರಕೆ ಹೊತ್ತ ಮೇಲೆ ಹುಟ್ಟಿದ ಮಗನೆಂದೇ ಅವರಿಗೆ ಆ ಹೆಸರಿಟ್ಟಿದ್ದರು. ಆಮೇಲೆ ಮೆಲ್ಲಗೆ, "ದೇವರ ಮುಂದ ಹೋಗಿ ನನ್ನ ಮ್ಯಾಲ ಚಾಡಿ ಹೇಳ್ಯಾಳೇನೋ ಅಂದ್ಕಂಡೆ. ತನ್ನ ಬಾಯಿಗಿ ತಾನ ಬೀಗ ಹಾಕ್ಕೊಂಡಾಳಲ್ಲೋ," ಅಂದರು. "ಅದಕ್ಕ ನನಗ ಮುಂಜಾನಿ ಎಚ್ಚರ ಆಗವಲ್ದು. ಆಕಿ ಒದರೋದು ಕೇಳಿ ಏಳ್ತಿದ್ದೆ."

ಅವರೇ ಮುಂದುವರಿಸಿದರು. "ಕರಸ್ತೀನಿ. ಆದ್ರ ಕೂಸು? ಮತ್ತ ಹಂಡೆ ಹತ್ರ ಹೋದ್ರ?"

"ಖಾಲಿ ಚೀಲದ ಕೋಣಿ ಐತಲ್ರಿ. ತೊಲಿಗೆ ಜೋಲಿ ಕಟ್ಟಬಹುದು. ಭತ್ತ ಹರವೋ ಕೊಟ್ರಮ್ಮಗ ವಯಸ್ಸಾತು, ಕಣದಾಗ ಬಿಸಿಲಿಗಿ ಕಣ್ಣು ಕತ್ತಲಿ ಬರ್ತೈತಿ ಅಂತಾಳ. ಆಕಿನ್ನ ಅಲ್ಲಿ ಕೂಡ್ರಸ್ರಿ. ಕೂಸುಗಳನ್ನ ನೋಡ್ಕೊಂತಾಳ."

"ಕೂಸುಗಳು? ಇರೋದು ಒಂದಲ್ಲ?"

"ಇನ್ನಾ ಮೂರು ಅದಾವ್ರಿ. ನಿಮಗ ಕಾಣದಂಗ ಬೇವಿನ ಗಿಡದ ಹಿಂದ ಮಲಗಸ್ತಾರ."

"ನಾಕ್ರೀ," ಎಂದಿತು ಬಾಗಿಲ ಹಿಂದಿನಿಂದ ಒಂದು ದನಿ.

"ಲೇ ಸುಂಕಣ್ಣ! ನೀ ಕದದ ಹಿಂದ ಏನು ಮಾಡಾಕತ್ತಿ?"

"ಚೀಲ ಜೋಡಸಾಕತ್ತಿನ್ರಿ ಸಾವ್ಕಾರ್ರ."

"ಜೋಡಿಸಿದ್ದು ಸಾಕು. ಎಲ್ಲಾ ಹೊರಗ ಹಾಕಿ ಆ ಕೋಣಿ ತೊಳಿ. ಆಮ್ಯಾಲ ಓಡಿ ಹೋಗಿ ಆ ಹುಡುಗಿಗೆ ಹೇಳು, ಬಳ್ಳಾರಿ ಗಿಳ್ಳಾರಿ ಏನೂ ಬ್ಯಾಡ ಅಂತ."

ಮಧ್ಯಾಹ್ನದ ಹೊತ್ತಿಗೆ ಸರ್ವರಬಿ ಅಂಗಡಿಯ ಮುಂದೆ ಬಂದು ನಿಂತಳು. ಓಡಿ ಬಂದವಳಿಗೆ ಏದುಸಿರು. "ಹೊನ್ನೂರಮ್ಮಾ, ಕರದ್ರು! ಕೂಸಿನ್ನೂ ಕರಕೊಂಡು ಬಾ ಅಂದ್ರು!" ಎಂದು ಹೇಳುತ್ತಲೇ ಅತ್ತುಬಿಟ್ಟಳು. ಕೂಸು ಮಾತ್ರ ರೂಢಿಯಂತೆ ಎರಡೂ ಕೈ ಚಾಚಿತು. ಹೊನ್ನೂರಮ್ಮ ಏನೋ ಹೇಳಲು ಬಾಯಿ ತೆರೆದವಳು ಗಕ್ಕನೆ ಎರಡೂ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಮೊದಲ ಮಾತು ಬಸವಣ್ಣನದು.

ಗಾದಿಲಿಂಗಪ್ಪ ಒಲೆಗೆ ನೀರು ಚಿಮುಕಿಸಿ ಎದ್ದ. ಕುರುಗೋಡಿನ ಬಸ್ಸಿನಲ್ಲಿ ಅವಳು ಕೆನ್ನೆ ಉಬ್ಬಿಸಿಕೊಂಡು ಕೂತದ್ದನ್ನು ಕಂಡು ಜನ ವಾಂತಿಯೇನೋ ಎಂದು ಕಿಟಕಿಯ ಕಡೆಯ ಸೀಟು ಬಿಟ್ಟುಕೊಟ್ಟರು. ಗುಡಿಯ ಮುಂದೆ ಇಳಿದವಳೇ ಚಪ್ಪಲಿ ಎಲ್ಲೆಂದರಲ್ಲಿ ಬಿಟ್ಟು ಒಳಗೆ ಓಡಿದಳು. ಅವನು ಹೊರಗೆ ಕಟ್ಟೆಯ ಮೇಲೆ ಕೂತ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಆ ದನಿ ಬಂತು, ಕಲ್ಲುಗೋಡೆಗಳನ್ನು ದಾಟಿಕೊಂಡು. ಅವನು ಕಣ್ಣು ಮುಚ್ಚಿ ಕೇಳುತ್ತ ಕೂತ. ಏನು ಹೇಳುತ್ತಿದ್ದಾಳೆಂದು ತಿಳಿಯಲಿಲ್ಲ, ತಿಳಿಯಬೇಕೆಂದೂ ಅನ್ನಿಸಲಿಲ್ಲ. ಪೂಜಾರಿ ಹೊರಗೆ ಬಂದು, "ಇನ್ನಾ ಎಷ್ಟೊತ್ತಪ? ಮಂಗಳಾರತಿ ಮಾಡಬೇಕು," ಅಂದರು. ಗಾದಿಲಿಂಗಪ್ಪ ತನಗೇನು ಗೊತ್ತು ಎಂಬಂತೆ ಕೈ ತಿರುವಿದ.

ವಾಪಸು ಬರುವ ಬಸ್ಸಿನಲ್ಲಿ ಅವಳು ಕೇಳಿದಳು, "ಸಾವ್ಕಾರ್ರ ಹತ್ರ ಏನು ಮಾತಾಡಿದ್ರಿ? ಸುಂಕಣ್ಣ ಹೇಳಿದ, ನೀವ ಹೋಗಿದ್ರಂತ."

"ಏನೂ ಇಲ್ಲ."

"ಏನೂ ಇಲ್ಲ ಅಂದ್ರ?"

ಅವನು ಯೋಚಿಸಿದ. "ಸುಮ್ನ ಕುಂತಿದ್ದೆ."

"ಸುಳ್ಳು ಹೇಳಬ್ಯಾಡ್ರಿ, ಸುಮ್ನ ಕುಂತ್ರ ಯಾರಾರ ಕೇಳ್ತಾರೇನು?" ಎಂದು ಅವಳು ಹಿಂದಿನ ಸೀಟಿನ ಸಿರಿಗೇರಿಯ ಹೆಂಗಸಿನ ಕಡೆ ತಿರುಗಿದಳು. "ನಮ್ಮ ಮನಿಯೋರು ನೋಡ್ರಿ ಅಕ್ಕಾರ, ಮಾತಾಡಂಗಿಲ್ಲ, ಮಾತಾಡಂಗಿಲ್ಲ, ಆದ್ರ ಮಾತಿಗಿ ನಿಂತ್ರಂದ್ರ ಮುಗೀತು. ಸೀದಾ ಗಿರಣಿಗೆ ಹೋಗಿ ಸಾವ್ಕಾರ್ರಿಗೆ ಏನಂದ್ರು ಗೊತ್ತೇನು..."

ಬಸ್ಸಿನಲ್ಲಿದ್ದವರೆಲ್ಲ ಅತ್ತ ಕಿವಿ ಕೊಟ್ಟರು. ಗಾದಿಲಿಂಗಪ್ಪನೂ ಕಿಟಕಿಯಿಂದ ಮುಖ ತಿರುಗಿಸಿದ. ತಾನು ಮುಂದೆ ಏನಂದೆನೆಂದು ತಿಳಿಯುವ ಆಸೆ ಅವನಿಗೂ ಇತ್ತು.