ಬದಲಿಸದೆ ಬಿಟ್ಟ ಜಾಯಿಂಟು

"ಬರೀ ಅಲೈನ್‌ಮೆಂಟ್ ಮಾಡಿಕೊಡು" ಎಂದು ಬಂದು ನಿಲ್ಲುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಸ್ಟೇರಿಂಗಿನ ಜಾಯಿಂಟುಗಳು ಸವೆದು ಗಡಗಡ ಅನ್ನುತ್ತಿರುತ್ತವೆ, ಇವರಿಗೆ ಮಾತ್ರ ಗಾಲಿ ನೆಟ್ಟಗಾಗಬೇಕು! ಸಡಿಲಾದ ಜಾಯಿಂಟು ಇಟ್ಟುಕೊಂಡು ಗಾಲಿಯನ್ನು ಎಷ್ಟು ಅಳೆದು ಕೂರಿಸಿದರೇನು, ಗಾಡಿ ನಿಂತಾಗ ಅದು ಒಂದು ದಿಕ್ಕು, ಓಡುವಾಗ ಇನ್ನೊಂದು ದಿಕ್ಕು. ಮೊದಲು ಸವೆದದ್ದನ್ನು ಕಿತ್ತು ಹೊಸದು ಹಾಕು, ಆಮೇಲೆ ಅಲೈನ್‌ಮೆಂಟ್. ಘಾಟ್ಕೋಪರ್ ಸ್ಟೇಷನ್ನಿನ ಹಿಂದೆ ನನ್ನ ತಗಡಿನ ಗ್ಯಾರೇಜಿನಲ್ಲಿ ಇಪ್ಪತ್ತು ವರ್ಷದಿಂದ ಇದನ್ನೇ ಹೇಳುತ್ತ ಎಷ್ಟೋ ಗಿರಾಕಿಗಳನ್ನು ಬೈದು ಓಡಿಸಿದ್ದೇನೆ. ಖಂಡಪ್ಪನ ಬಾಯಿ ಕೆಟ್ಟದ್ದು, ಕೈ ಒಳ್ಳೆಯದು ಅನ್ನುತ್ತಾರೆ ಟ್ಯಾಕ್ಸಿಯವರು. ಅನ್ನಲಿ. ಅಂಥ ನಾನೇ ಒಂದು ಗಾಡಿಯ ವಿಷಯದಲ್ಲಿ ಏಳು ವರ್ಷ ಈ ಮಾತು ಮುರಿದೆ.

ಆ ಗಾಡಿ ಪೂವಪ್ಪನವರದು. ಉಡುಪಿ ಕಡೆಯವರು, ಸಾಂತಾಕ್ರೂಜಿನಲ್ಲಿ ಹೋಟೆಲು. ಗಾಡಿ ಐವತ್ತೈದನೇ ಇಸವಿಯ ಫಿಯಾಟ್. ಮೂತಿ ಮುಂದಕ್ಕೆ ಚಾಚಿದ್ದರಿಂದ ಅದಕ್ಕೆ ಬೊಂಬಾಯಿಯಲ್ಲೆಲ್ಲ ಡುಕ್ಕರ್ ಫಿಯಾಟ್ ಎಂದೇ ಹೆಸರು, ಅಂದರೆ ಹಂದಿ. ಅವರು ಬಂದರೆ ಸಾಕು, "ಏನ್ರಿ, ಹಂದಿ ಮೇಯಸ್ಕೋತ ಬಂದ್ರೇನು?" ಎಂದು ಕೇಳುತ್ತಿದ್ದೆ. "ನಿಮ್ಮ ಕನ್ನಡ ಕೇಳಿದ್ರೆ ಹಂದಿಯೇ ವಾಸಿ ಮಾರಾಯ್ರೆ" ಎಂದು ನಗುತ್ತಿದ್ದರು.

ಸ್ಟೇರಿಂಗಿನ ಜಾಯಿಂಟು ನೋಡುವುದು ಒಬ್ಬನ ಕೈಲಾಗುವ ಕೆಲಸವಲ್ಲ. ಒಬ್ಬರು ಸೀಟಿನಲ್ಲಿ ಕೂತು ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ ಒಂಚೂರು ಅಲುಗಿಸುತ್ತಿರಬೇಕು. ಇನ್ನೊಬ್ಬ ಗಾಡಿಯ ಕೆಳಗೆ ಮಲಗಿ ಒಂದೊಂದೇ ಜಾಯಿಂಟಿನ ಮೇಲೆ ಅಂಗೈ ಇಡಬೇಕು. ಸವೆದದ್ದು ಕಣ್ಣಿಗೆ ಕಾಣುವುದಿಲ್ಲ, ಅಂಗೈಗೆ ಟಕ್ಕೆಂದು ತಾಗುತ್ತದೆ. ಬೇರೆ ಡ್ರೈವರುಗಳು ಎರಡು ನಿಮಿಷ ಅಲುಗಿಸಿ ಚಹಾಕ್ಕೆ ಓಡುತ್ತಾರೆ. ಪೂವಪ್ಪನವರು ಓಡುತ್ತಿರಲಿಲ್ಲ. ಮೇಲೆ ಅವರು, ಕೆಳಗೆ ನಾನು. ಮುಖ ಕಾಣದ್ದಕ್ಕೋ ಏನೋ, ಎದುರು ಕೂತರೆ ಬಾಯಿಗೆ ಬಾರದ ಮಾತೆಲ್ಲ ಬರುತ್ತಿತ್ತು. ಮಕ್ಕಳಾಗಲಿಲ್ಲವೆಂದು ಹೆಂಡತಿ ಪ್ರಫುಲ್ಲಾ ಅಳುತ್ತಾಳೆಂದು ಅವರು ಹೇಳಿದ್ದು ಹಾಗೆ. ನನ್ನ ಹೆಂಡತಿ ಹನುಮವ್ವ ಹೆರಿಗೆಯಲ್ಲಿ ಹೋದಾಗ ನಾನು ನಮ್ಮೂರು ಇಂಡಿ ತಲುಪುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು ಎಂದು ನಾನು ಹೇಳಿದ್ದೂ ಹಾಗೆಯೇ. ಬೇರೆ ಯಾರಿಗೂ ಅದನ್ನು ಹೇಳಿಲ್ಲ.

ಯಾರಿಗೆ ಹೇಳಲಿ? ಚಾಳಿನಲ್ಲಿ ನನ್ನ ಖೋಲಿಯ ಒಂದು ಕಡೆ ಗುಜರಾತಿಗಳು, ಇನ್ನೊಂದು ಕಡೆ ಮರಾಠಿಗರು, ಒಳ್ಳೆಯ ಜನವೇ. ಆದರೆ ಎಷ್ಟೋ ವಾರ ನಾನು ಕನ್ನಡದಲ್ಲಿ ಆಡಿದ ಮಾತೆಂದರೆ ಬೆರಳಿಗೆ ಸುತ್ತಿಗೆ ಬಿದ್ದಾಗಿನ ಬೈಗುಳ ಮಾತ್ರ. ಭಾನುವಾರ ಬಂದರೆ ಹೆದರಿಕೆಯಾಗುತ್ತಿತ್ತು. ಚಾಳಿನ ತುಂಬ ಜನ, ರೇಡಿಯೋ, ಮಕ್ಕಳ ಗಲಾಟೆ, ನಡುವೆ ನಾನೊಬ್ಬ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದೆ.

ಮೊದಲ ಸಲ ತಪ್ಪು ನನ್ನದಲ್ಲ. ಅರವತ್ತೇಳರಲ್ಲಿ ಅವರು ಬಂದಾಗ ಆರು ಜಾಯಿಂಟುಗಳಲ್ಲಿ ಮೂರು ಸವೆದಿದ್ದವು, ಅಂಗಡಿಯಲ್ಲಿ ಎರಡೇ ಸಿಕ್ಕವು. ಮೂರು ತಿಂಗಳು ಬಿಟ್ಟು ಗಾಡಿ ತನ್ನಿ ಅಂದೆ. ತಂದರು. ಪ್ರಫುಲ್ಲಾ ಮಾಡಿದ ಪತ್ರೊಡೆಯನ್ನೂ ತಂದರು, ಅರ್ಧ ದಿನ ಕೂತರು. ಆ ವಾರವೆಲ್ಲ ನಾನು ಒಬ್ಬರನ್ನೂ ಬೈಯಲಿಲ್ಲ. ಅಲ್ಲಿಂದ ಶುರುವಾಯಿತು ನೋಡಿ. ಪ್ರತಿ ಸಲವೂ ಒಂದು ಸವೆದ ಜಾಯಿಂಟನ್ನು ಬೇಕೆಂದೇ ಹಾಗೇ ಬಿಡತೊಡಗಿದೆ. ಒಂದು ಸಡಿಲಿದ್ದರೆ ಅಲೈನ್‌ಮೆಂಟ್ ಕೆಡುತ್ತದೆ, ಟೈರಿನ ಅಂಚು ಸವೆಯುತ್ತದೆ, ಸ್ಟೇರಿಂಗು ನಡುಗುತ್ತದೆ, ಪೂವಪ್ಪನವರು ಬರುತ್ತಾರೆ. ಅಪಾಯವಿಲ್ಲದ್ದನ್ನೇ ಬಿಡುತ್ತೇನೆ, ನನ್ನ ಕೈಗೆ ಗೊತ್ತಾಗುವುದಿಲ್ಲವೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು!

ಎಪ್ಪತ್ನಾಲ್ಕರಲ್ಲಿ ಹೋಳಿಯ ಹೊತ್ತಿಗೆ ಬಂದವರು ಆಮೇಲೆ ಎಂಟು ತಿಂಗಳು ಬರಲೇ ಇಲ್ಲ. ದೀಪಾವಳಿ ಮುಗಿದು ಒಂದು ಮಂಗಳವಾರ ಬೆಳಿಗ್ಗೆ ಗಾಡಿ ಬಂದು ನಿಂತಿತು. ನನಗೆ ಎಷ್ಟು ಖುಷಿಯಾಯಿತೆಂದರೆ ಹಂದಿಯ ಚೇಷ್ಟೆ ಮಾಡುವುದೂ ಮರೆತೆ.

"ಖಂಡಪ್ಪನವರೇ, ಈ ಸಲ ಚಂದ ಮಾಡಿ ಕೊಡಬೇಕು" ಅಂದರು ಪೂವಪ್ಪನವರು. "ಬರುವ ಶುಕ್ರವಾರ ಊರಿಗೆ ಹೊರಟೆವು. ಮುಲ್ಕಿಯಲ್ಲಿ ಹೋಟೆಲು ಮಾಡುದು ಅಂತ. ಇಲ್ಲಿದ್ದನ್ನು ತಮ್ಮನಿಗೆ ಬಿಟ್ಟೆ. ಇನ್ನು ಬೊಂಬಾಯಿ ಸಾಕು."

"ಮತ್ತ ಗಾಡಿ?"

"ಗಾಡಿಯಲ್ಲೇ ಹೋಗುದು. ನಾನು ಮತ್ತೆ ಪ್ರಫುಲ್ಲಾ."

ಖಂಡಾಲಾ ಘಾಟು, ಅದು ದಾಟಿದರೆ ಹುಬ್ಬಳ್ಳಿ, ಆಮೇಲೆ ಅರಬೈಲು ಘಾಟಿನ ಇಳಿಜಾರು. "ಕೂಡ್ರಿ ಮ್ಯಾಲ, ಅಲುಗಾಡಸ್ರಿ" ಎಂದು ಅವಸರದಿಂದ ಕೆಳಗೆ ತೂರಿಕೊಂಡೆ.

ಎಡ ಗಾಲಿಯ ಹತ್ತಿರ ಹೋಳಿಯಲ್ಲಿ ಬಿಟ್ಟಿದ್ದ ಜಾಯಿಂಟಿನ ಮೇಲೆ ಅಂಗೈ ಇಟ್ಟೆ. ಅದು ಟಕ್ಕೆನ್ನಲಿಲ್ಲ, ಒಳಗಿನ ಗುಂಡು ಕುಣಿಯಿತು. ಎರಡು ಬೆರಳಿನಿಂದ ಎತ್ತಿದರೆ ಮೇಲೆ ಬರುತ್ತಿತ್ತು, ಬಿಟ್ಟರೆ ಕೆಳಗೆ ಬೀಳುತ್ತಿತ್ತು. ರಸ್ತೆಯ ಒಂದು ದೊಡ್ಡ ತಗ್ಗಿಗೆ ಗಾಲಿ ಇಳಿದಿದ್ದರೆ ಕಳಚಿಯೇ ಬಿಡುತ್ತಿತ್ತು. ಕಳಚಿದರೆ ಸ್ಟೇರಿಂಗು ತಿರುಗಿಸಿದ ಕಡೆಗೆ ಗಾಲಿ ತಿರುಗುವುದಿಲ್ಲ.

ಕುರ್ಲಾದ ಅಂಗಡಿಗೆ ಹೋಗಿ ಆರಕ್ಕೆ ಆರೂ ಹೊಸ ಜಾಯಿಂಟು ತಂದೆ. ಬಟ್ಟೆಯ ಮೇಲೆ ಸಾಲಾಗಿ ಇಟ್ಟದ್ದನ್ನು ನೋಡಿ ಪೂವಪ್ಪನವರು, "ಆರೂ ಎಂತಕ್ಕೆ? ಹೋದ ಸಲ ಹಾಕಿದ್ದು ಹೊಸತೇ ಅಲ್ವಾ?" ಅಂದರು.

"ಘಾಟ್ ಅದರಿ. ಇರಲಿ" ಅಂದೆ.

ಮುಂದಿನ ಗಾಲಿಗಳನ್ನು ಮರದ ದಿಮ್ಮಿಗಳ ಮೇಲೆ ಹತ್ತಿಸಿ ಕೆಲಸ ಹಿಡಿದೆ. ನಟ್ಟು ಬಿಚ್ಚಿ, ಎರಡೂ ಬದಿಗೆ ಒಟ್ಟಿಗೇ ಸುತ್ತಿಗೆ ಕೊಟ್ಟರೆ ಹಳೆಯದು ಸಡಿಲಾಗುತ್ತದೆ. ಅದನ್ನು ತಿರುಗಿಸಿ ತೆಗೆಯುವಾಗ ಎಷ್ಟು ಸುತ್ತು ಎಂದು ಎಣಿಸಿ, ಹೊಸದನ್ನು ಅಷ್ಟೇ ಸುತ್ತು ಕೂರಿಸಬೇಕು. ಎಡ ಗಾಲಿಯದನ್ನು ಮೊದಲು ಕಿತ್ತು ಹೊರಗೆ ಎಸೆದೆ. ಐದು ಮುಗಿಸಿ ಆರನೆಯ ಹೊಸದನ್ನು ಕೂರಿಸುತ್ತಿದ್ದೆ. ಮೇಲೆ ಪೂವಪ್ಪನವರು ಕೆಲಸವಿಲ್ಲದಿದ್ದರೂ ರೂಢಿಯಂತೆ ಸೀಟಿನಲ್ಲೇ ಕೂತಿದ್ದರು.

"ಪ್ರಫುಲ್ಲಾಳಿಗೆ ಘಾಟಿ ಅಂದ್ರೆ ಜೀವ ಹೋಗ್ತದೆ" ಅಂದರು. "ನಾನು ಹೇಳಿದೆ, ಖಂಡಪ್ಪನವರು ಕೈ ಮುಟ್ಟಿದ ಗಾಡಿ, ನೀನು ಹಿಂದಿನ ಸೀಟಲ್ಲಿ ಆರಾಮಲ್ಲಿ ನಿದ್ದೆ ಮಾಡು ಅಂತ."

ಎಣಿಸುತ್ತಿದ್ದ ಸುತ್ತು ತಪ್ಪಿತು. ಸುಮ್ಮನಿದ್ದರೆ ಅವರಿಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಗಾಡಿ ಸರಿಯಾಗುತ್ತಿತ್ತು, ಅವರು ನಗುತ್ತ ಹೋಗುತ್ತಿದ್ದರು, ಜೀವನಪೂರ್ತಿ ನನ್ನನ್ನು ಒಳ್ಳೆಯವನೆಂದೇ ನೆನೆಯುತ್ತಿದ್ದರು. ನನಗೂ ಅಷ್ಟೇ ಬೇಕಿತ್ತು. ಆದರೆ ಆ ನಂಬಿಕೆಯ ಮಾತು ಕೇಳಿಸಿಕೊಂಡು ಮಲಗಿರಲು ನನ್ನ ಕೈಲಾಗಲಿಲ್ಲ.

"ಪೂವಪ್ಪಣ್ಣಾರ."

"ಎಂತ?"

"ಒಂದ್ ಜಾಯಿಂಟ್ ನಾ ಬೇಕಂತ ಬಿಡತಿದ್ನಿರಿ. ಪ್ರತಿ ಸಲ. ಏಳ ವರ್ಷದಿಂದ."

"ಎಂತಕ್ಕೆ?"

"ಎಲ್ಲಾ ಸರಿ ಮಾಡಿಬಿಟ್ರ ನೀವು ಬರಂಗಿಲ್ಲಲ್ರಿ, ಅದಕ್ಕ."

ಮೇಲೆ ಬಾಗಿಲು ತೆರೆಯಿತು, ಅವರ ಚಪ್ಪಲಿ ನೆಲಕ್ಕೆ ಇಳಿದದ್ದು ಕಂಡಿತು. ನಾನು ಹೊರಗೆ ಬಂದಾಗ ಎಡ ಗಾಲಿಯ ಆ ಹಳೆಯ ಜಾಯಿಂಟು ಅವರ ಕೈಯಲ್ಲಿತ್ತು. ಅಲುಗಿಸಿ ನೋಡಿದರು. ಗುಂಡು ಒಳಗೆ ಗಲಗಲ ಅಂದಿತು.

"ಮೇ ತಿಂಗಳಲ್ಲಿ ಇದರಲ್ಲೇ ಅವಳನ್ನು ಘಾಟಿ ಹತ್ತಿಸಿ ಲೋಣಾವಳಕ್ಕೆ ಕರ್ಕೊಂಡು ಹೋಗಿ ಬಂದೆ ನಾನು."

"ಹೂಂರಿ."

"ಹೂಂ ಅಂತೀರಲ್ಲ ಮಾರಾಯ್ರೆ! ಹೂಂ ಅಂತೀರಲ್ಲ!"

ಅವರು ದನಿ ಎತ್ತಿದ್ದು ನಾನು ಕೇಳಿದ್ದು ಅದೇ ಮೊದಲು. ಒಂದು ಏಟು ಹಾಕಿದ್ದರೂ ಚೆನ್ನಾಗಿತ್ತು. ಬಾಯಿ ಕೆಟ್ಟದ್ದೆಂದು ಹೆಸರಾದವನು ನಾನು, ತಲೆ ತಗ್ಗಿಸಿ ಮತ್ತೆ ಗಾಡಿಯ ಕೆಳಗೆ ತೂರಿಕೊಂಡೆ.

ಆರನೆಯದನ್ನು ಮತ್ತೆ ಬಿಚ್ಚಿ, ಮೊದಲಿನಿಂದ ಸುತ್ತು ಎಣಿಸಿ ಹಾಕಿ ಮುಗಿಸಿದೆ. ಇನ್ನು ಅಲೈನ್‌ಮೆಂಟ್. ಗಾಡಿಯನ್ನು ದಿಮ್ಮಿಯಿಂದ ಇಳಿಸಿ ಸಮನೆಲದ ಮೇಲೆ ನಿಲ್ಲಿಸಿದೆವು. ನಾನು ಗಾಲಿಯಿಂದ ಗಾಲಿಗೆ ದಾರ ಹಿಡಿದು ಅಳೆಯುವಾಗ ಯಾರಾದರೂ ಸ್ಟೇರಿಂಗನ್ನು ನೆಟ್ಟಗೆ ಹಿಡಿದಿರಬೇಕು. ಪೂವಪ್ಪನವರೇ ಹೋಗಿ ಕೂತರು. ಎರಡು ಮುಂಗಾಲಿಗಳ ಮುಂದಿನ ಅಂಚುಗಳ ಅಂತರ ಹಿಂದಿನ ಅಂಚುಗಳ ಅಂತರಕ್ಕಿಂತ ಕೂದಲೆಳೆಯಷ್ಟು ಕಡಿಮೆ ಬರಬೇಕು; ಬರುವವರೆಗೂ ಬಿಡಲಿಲ್ಲ. "ಎಡಕ್ಕ" ಅನ್ನುತ್ತಿದ್ದೆ, ಎಡಕ್ಕೆ ತಿರುಗಿಸುತ್ತಿದ್ದರು. "ಸಾಕ್ರಿ" ಅನ್ನುತ್ತಿದ್ದೆ, ನಿಲ್ಲಿಸುತ್ತಿದ್ದರು. ಒಂದು ಗಂಟೆಗೂ ಮೀರಿ ನಮ್ಮಿಬ್ಬರ ನಡುವೆ ಆದ ಮಾತು ಅಷ್ಟೇ. ಹನುಮವ್ವ ಹೋದ ವರ್ಷವೂ ನನಗೆ ಅಷ್ಟು ಒಂಟಿ ಅನ್ನಿಸಿರಲಿಲ್ಲ.

ಗಾಡಿ ಓಡಿಸಿ ನೋಡಲು ಒಬ್ಬರೇ ಹೋದರು. ತಿರುಗಿ ಬಂದರು, ಎಂಜಿನ್ ಆರಿಸಲಿಲ್ಲ.

"ಸೀದಾ ಹೋಗ್ತದೆ" ಅಂದರು. "ಒಂದು ಕೇಳ್ತೇನೆ. ಗಾಡಿ ಸರಿ ಇದ್ದಿದ್ರೆ ನಾನು ಬರ್ತಿರಲಿಲ್ಲ ಅಂತ ನಿಮಗೆ ಹೇಳಿದ್ದು ಯಾರು? ಒಂದು ಸಲ, ಒಂದೇ ಒಂದು ಸಲ ಸುಮ್ಮನೆ ಬನ್ನಿ ಅಂತ ಕರೆದಿದ್ದೀರಾ ನೀವು?"

ಕರೆದಿರಲಿಲ್ಲ. ಕರೆಯಬಹುದು ಅನ್ನುವುದೇ ನನಗೆ ಹೊಳೆದಿರಲಿಲ್ಲ. ಕೈಯ ಗ್ರೀಸನ್ನು ಪ್ಯಾಂಟಿಗೆ ಒರೆಸಿಕೊಂಡು ಕಿಟಕಿಯ ಹತ್ತಿರ ಹೋದೆ.

"ಹತ್ತ ನಿಮಿಷ ಕೂಡ್ರಿ, ಪೂವಪ್ಪಣ್ಣಾರ" ಅಂದೆ. "ಕೆಲಸ ಏನಿಲ್ರಿ. ಸುಮ್ನ ಕೂಡ್ರಿ."

ಅವರು ನನ್ನ ಮುಖ ನೋಡಿದರು. ಕಣ್ಣಲ್ಲಿ ಸಿಟ್ಟಿರಲಿಲ್ಲ, ಅದು ಇದ್ದಿದ್ದರೆ ವಾಸಿಯಿತ್ತು.

"ಹೊತ್ತಾಯ್ತು ಖಂಡಪ್ಪನವರೇ. ಪ್ರಫುಲ್ಲಾ ಕಾಯ್ತಾಳೆ" ಎಂದು ಗೇರು ಹಾಕಿದರು.

ಆಗಿನ್ನೂ ಸಂಜೆಯ ನಾಲ್ಕು ಗಂಟೆ.