ಇಷ್ಟಲಿಂಗದ ನೆರಳು

ಮೂವತ್ತೊಂದು ವರ್ಷ ಎಕ್ಸ್‌ರೇ ತೆಗೆದು ತೆಗೆದು ನನಗೆ ಜನರ ಮುಖಕ್ಕಿಂತ ಪಕ್ಕೆಲುಬೇ ಜಾಸ್ತಿ ಗುರುತು. ರಾಜಾಜಿನಗರದ ನಮ್ಮ ಫ್ಯಾಕ್ಟರಿ ಆಸ್ಪತ್ರೆಗೆ ದಿನಕ್ಕೆ ನಲವತ್ತು ಎದೆ ಬರೋವು. ಅಂಗಿ ಬಿಚ್ಚು, ಸೊಂಟದ ಮೇಲೆ ಕೈ ಇಡು, ಉಸಿರು ಹಿಡಿ, ಬಿಡು. ಸಾಕಪ್ಪಾ ಸಾಕು ಅನ್ನಿಸಿಬಿಟ್ಟಿತ್ತು. ಪೆನ್ಷನ್‌ಗೆ ಇನ್ನು ನಾಲ್ಕೇ ತಿಂಗಳು.

ಅಷ್ಟರಲ್ಲಿ, ಎಂಬತ್ತೇಳರಲ್ಲಿ, ಸತ್ಯವತಿ ಡಾಕ್ಟರು ಹೊಸದಾಗಿ ಬಂದರು. ಫಿಟ್ಟರ್ ಏಕಾಂತಯ್ಯನ ಫಿಲಂ ದೀಪಕ್ಕೆ ಹಿಡಿದು, ಎಡಗಡೆ ದುಂಡಗಿದ್ದ ಬಿಳಿ ಮಚ್ಚೆ ತೋರಿಸಿ, "ಬೆಟ್ಟಯ್ಯ, ಇದೇನ್ರೀ?" ಅಂದರು.

"ಲಿಂಗ ಮೇಡಂ. ಅವರು ಲಿಂಗಾಯತರು. ಬಟ್ಟೇಲಿ ಸುತ್ತಿ ಕೊರಳಿಗೆ ಕಟ್ಕೊಂಡಿರ್ತಾರೆ, ಪ್ರಾಣ ಹೋದ್ರೂ ತೆಗೆಯಲ್ಲ. ಪ್ರತಿಸಲ ಹಿಂಗೇ ಬೀಳತ್ತೆ."

ಅವರು ಏಕಾಂತಯ್ಯನ್ನೇ ಕರೆಸಿ ಕೇಳಿದರು.

"ಎಕ್ಸ್‌ರೇ ತೆಗೆಯೋವಾಗ ಕೈಯಾಗ ಇರ್ತತ್ರೀ, ಮುಷ್ಟಿಯೊಳಗ. ಮೊದಲಿಂದಾನೂ ಹಂಗೇ ಹಿಡ್ಕಂತೀನಿ," ಅಂದ ಆ ಮನುಷ್ಯ.

ಅಷ್ಟು ವರ್ಷ ಅವನ ಬೆನ್ನ ಹಿಂದೇನೇ ನಿಂತಿದ್ದೆ, ಒಂದು ದಿನಾನೂ ಮುಷ್ಟಿ ನೋಡಲಿಲ್ಲ.

ಸಿಟಿ ಸ್ಕ್ಯಾನ್ ಆಗ ಊರಲ್ಲೆಲ್ಲೋ ಒಂದೆರಡು ಕಡೆ ಮಾತ್ರ. ಹದಿನೈದು ದಿನ ಕಾದು ಮಾಡಿಸಿದರು. ಶ್ವಾಸಕೋಶದಲ್ಲಿ ಗಡ್ಡೆ ಇದೆ, ಒಳಗೆ ಅಲ್ಲಲ್ಲಿ ಕೊಬ್ಬು, ಸುಣ್ಣದ ಚುಕ್ಕಿ. ಕೆಟ್ಟ ಗಡ್ಡೆ ಅಲ್ಲದೇ ಇರಬಹುದು, ಖಚಿತವಾಗಿ ಹೇಳಕ್ಕಾಗಲ್ಲ, ಅಂತ ರಿಪೋರ್ಟು. ದೊಡ್ಡ ಸರ್ಜನ್ನು ಎದೆ ಕೊಯ್ದೇ ನೋಡೋಣ ಅಂದರು.

"ಹಳೇ ಫಿಲಂ ಇದ್ರೆ ಕೊಡಿ ಬೆಟ್ಟಯ್ಯ. ಗಡ್ಡೆ ಬೆಳೆದಿದೆಯಾ, ಹಂಗೇ ಇದೆಯಾ ನೋಡಬೇಕು," ಅಂದರು ಸತ್ಯವತಿ.

ಇದ್ದವು. ಒಂದೊಂದು ಲಕೋಟೆ ಮೇಲೂ ನನ್ನದೇ ಅಕ್ಷರ: ಲಿಂಗದ ನೆರಳು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ಹಂಗಾಯ್ತು. "ಹುಡುಕ್ತೀನಿ ಮೇಡಂ, ಇಲಿ ತಿಂದಿರಬಹುದು," ಅಂದುಬಿಟ್ಟೆ. ಥೂ ನನ್ನ ಜನ್ಮಕ್ಕೆ!

ಹೊರಗೆ ಬೆಂಚಿನ ಮೇಲೆ ಅವನ ಹೆಂಡತಿ ನೀಲಮ್ಮ ಕೂತಿದ್ದರು. "ಎದಿ ಕೊಯ್ದ್ರೆ ಮನುಷ್ಯ ಉಳೀತಾನೇನ್ರೀ ಅಣ್ಣಾ?" ಅಂತ ಕೇಳಿದರು. ಒಳಗೆ ಹೋಗಿ ಲಕೋಟೆಗಳನ್ನ ತಂದು ಡಾಕ್ಟರ ಮೇಜಿನ ಮೇಲಿಟ್ಟೆ. ಪೆನ್ಷನ್ ಹೋದ್ರೆ ಹೋಗಲಿ.

ಅವರು ನನ್ನ ಅಕ್ಷರ ಓದಿದರು. ಎಪ್ಪತ್ತೊಂಬತ್ತು, ಎಂಬತ್ತೆರಡು, ಎಂಬತ್ತೈದು, ಎಂಬತ್ತೇಳು ಸಾಲಾಗಿ ನಿಲ್ಲಿಸಿ ಸ್ಕೇಲ್ ಹಿಡಿದರು. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. "ಕ್ಯಾನ್ಸರ್ ಆಗಿದ್ರೆ ಎಂಟು ವರ್ಷ ಸುಮ್ಮನೆ ಕೂರ್ತಿರಲಿಲ್ಲ," ಅಂದರು. ಸೂಜಿ ಹಾಕಿ ತೆಗೆದ ಚೂರನ್ನ ಮೈಕ್ರೋಸ್ಕೋಪಿನಲ್ಲಿ ನೋಡಿದ ಪೆಥಾಲಜಿಯವರೂ ಅದನ್ನೇ ಬರೆದರು. ಮೆತ್ತನೆ ಎಲುಬು, ಕೊಬ್ಬು, ಅವನ ಮೈಯದೇ ಸಾಮಾನು, ಇರಬಾರದ ಜಾಗದಲ್ಲಿ ಗಂಟು ಕಟ್ಟಿದೆ. ಅಪರೂಪದ್ದು, ನಿರಪಾಯದ್ದು. ಎದೆ ಕೊಯ್ಯೋದು ಬೇಡ.

ನೀಲಮ್ಮ ಬಂದು ಕೈ ಮುಗಿದರು, "ನಿಮ್ ಹಳೇ ಫಿಲಂ ಉಳಿಸಿದ್ವು" ಅಂತ. ನಾಚಿಕೆಯಿಂದ ಸತ್ತೇ ಹೋದೆ. "ತಪ್ಪು ನಂದಮ್ಮ, ಮೊದಲೇ ಹೇಳಬೇಕಿತ್ತು" ಅಂದೆ.

"ಬಿಡ್ರೀ ಬೆಟ್ಟಯ್ಯ, ಎಲ್ಲಾ ಶಿವನ ಆಟ," ಅಂತ ಏಕಾಂತಯ್ಯ ನಕ್ಕು ಹೆಂಡತೀನ ಕರ್ಕೊಂಡು ಹೊರಟ.

ಅವರು ಹೋದಮೇಲೆ ಸತ್ಯವತಿ ಒಂದೇ ಮಾತು ಕೇಳಿದರು. "ಇನ್ನೆಷ್ಟು ಜನಕ್ಕೆ ಹಿಂಗೆ ಬರೆದಿದ್ದೀರಿ?"

ಮಧ್ಯಾಹ್ನವೆಲ್ಲ ಧೂಳು ಕುಡಿದು ಹಂಗೆ ಬರೆದ ಇನ್ನೂ ನಾಲ್ಕು ಜನರ ಲಕೋಟೆ ಹುಡುಕಿದೆ. ಮೂರರಲ್ಲಿ ಕೊರಳ ದಾರವೂ, ಗಂಟೂ ಸರಿಯಾಗೇ ಕಾಣ್ತಿತ್ತು. ಅದು ನಿಜವಾಗ್ಲೂ ಲಿಂಗ. ನಾಲ್ಕನೆಯದು ಪೇಂಟಿಂಗ್ ಸೆಕ್ಷನ್ನಿನ ಕರಿಬಸಪ್ಪನದು, ಎರಡು ಫಿಲಂ. ಎರಡರಲ್ಲೂ ದಾರ ಇಲ್ಲ. ಎಂಬತ್ತನಾಲ್ಕರಲ್ಲಿ ಮಚ್ಚೆ ಅವರೆಕಾಳಿನಷ್ಟು. ಎಂಬತ್ತಾರರಲ್ಲಿ ನಿಂಬೆಹಣ್ಣಿನಷ್ಟು.

ಕಟ್ಟಿಕೊಂಡ ಲಿಂಗ ಎಲ್ಲಾದರೂ ಬೆಳೆಯುತ್ತದಾ? ಎರಡರ ಮೇಲೂ ನಾನೇ ಬರೆದಿದ್ದೆ: ಲಿಂಗದ ನೆರಳು.